ಸಿಲಿಕೋನ್ ಗ್ಯಾಸ್ಕೆಟ್‌ಗೆ ಬಿಸಿಯ ಜೊತೆ ಗಾಳಿಯೂ ಬೇಕು

ಪೀಣ್ಯದ ನಮ್ಮ ಶೆಡ್‌ನಲ್ಲಿ ಸಿಲಿಕೋನ್ ರಬ್ಬರಿನ ಗ್ಯಾಸ್ಕೆಟ್ (ಪೈಪಿನ ಜೋಡಣೆ ಸೋರದ ಹಾಗೆ ನಡುವೆ ಇಡುವ ಬಿಲ್ಲೆ) ಮಾಡುತ್ತೇವೆ. ಒಂದು ಸಲ ಬಿಸಿಗಾಳಿ ಪೈಪಿಗೆ ಕೊಟ್ಟ ಲಾಟ್ ಮೂರೇ ವಾರಕ್ಕೆ ವಾಪಸ್ ಬಂತು. ಪೈಪಿನ ಬಿಸಿ 180 ಡಿಗ್ರಿ ಆಸುಪಾಸು. ಸಿಲಿಕೋನ್ 200ನ್ನೂ ತಡೆಯಬೇಕು, ಅಲ್ವಾ? ಕೈಗೆ ತಗೊಂಡು ನೋಡಿದೆ. ಹೊರ ಅಂಚು ಚೆನ್ನಾಗಿಯೇ ಇತ್ತು. ಎರಡು ಫ್ಲೇಂಜ್ (ಪೈಪಿನ ತುದಿಯ ಚಪ್ಪಟೆ ಅಂಚು) ನಡುವೆ ಸಿಕ್ಕಿಕೊಂಡಿದ್ದ ಭಾಗ ಮಾತ್ರ ಮೆತ್ತಗಾಗಿ, ಹಲಸಿನ ಮೇಣದ ಹಾಗೆ ಬೆರಳಿಗೆ ಅಂಟುತ್ತಿತ್ತು.

ಮೊದಲು ಮಾಲಿನ ಮೇಲೇ ಅನುಮಾನ ಬಂತು. ಅದೇ ಲಾಟಿನ ಒಂದು ಹೊಸ ಗ್ಯಾಸ್ಕೆಟನ್ನು ಓವನ್ ತಟ್ಟೆಯ ಮೇಲೆ 200 ಡಿಗ್ರಿಯಲ್ಲಿ ಒಂದು ದಿನ ಪೂರ್ತಿ ಇಟ್ಟೆ. ಏನೂ ಆಗಲಿಲ್ಲ. ಆಮೇಲೆ ಆ ಹೊರ ಅಂಚು ನೆನಪಾಯಿತು. ಗಾಳಿ ತಾಗಿದ ಕಡೆ ಗಟ್ಟಿ, ಗಾಳಿ ಇಲ್ಲದ ಕಡೆ ಮೇಣ.

ರಬ್ಬರನ್ನು ಗಟ್ಟಿ ಮಾಡಲು ನಾವು ಹಾಕುತ್ತಿದ್ದದ್ದು ಡೈಕ್ಲೋರೋಬೆನ್ಜಾಯಿಲ್ ಪೆರಾಕ್ಸೈಡ್. ಪ್ರೆಸ್‌ನಲ್ಲಿ 120 ಡಿಗ್ರಿಗೆ ಕೆಲವೇ ನಿಮಿಷದಲ್ಲಿ ರಬ್ಬರ್ ಕ್ಯೂರ್ ಆಗುತ್ತದೆ, ಅಂದರೆ ಆಕಾರ ಹಿಡಿದು ಗಟ್ಟಿಯಾಗುತ್ತದೆ. ಆದರೆ ಈ ಪೆರಾಕ್ಸೈಡ್ ಒಡೆದಾಗ ಹುಟ್ಟುವ ಆಮ್ಲ ರಬ್ಬರಿನ ಒಳಗೇ ಉಳಿಯುತ್ತದೆ. ಪೋಸ್ಟ್ ಕ್ಯೂರ್ (ಪ್ರೆಸ್ಸಿನಿಂದ ತೆಗೆದ ಮೇಲೆ ಓವನ್ನಿನಲ್ಲಿ ಮತ್ತೆ ಕಾಯಿಸುವುದು) ಮಾಡದೆ ಸುಮ್ನೆ ಬಿಟ್ಟರೆ ಮೇಲೆ ಬಿಳಿ ಪುಡಿ ಕಟ್ಟುವುದು ಇದೇ. ಹೊರಗೆ ಹೋಗಲು ದಾರಿ ಸಿಗದೆ ಬಿಸಿಯಲ್ಲೇ ಉಳಿದರೆ, ಅದು ಸಿಲಿಕಾನ್–ಆಮ್ಲಜನಕದ ಸರಪಳಿಯನ್ನೇ ಕತ್ತರಿಸುತ್ತದೆ. ನನ್ನ ತಟ್ಟೆಯ ಪರೀಕ್ಷೆ ಆ ಆಮ್ಲವನ್ನು ಹೊರಗೆ ಓಡಿಸಿತ್ತು. ಅಂದರೆ ನಾನು ಮಾಡಿದ್ದು ಪರೀಕ್ಷೆಯೇ ಅಲ್ಲ, ಒಂದು ಒಳ್ಳೆಯ ಪೋಸ್ಟ್ ಕ್ಯೂರ್!

ಹಾಗಂತ ಆ ಲಾಟಿಗೆ ಪೋಸ್ಟ್ ಕ್ಯೂರ್ ತಪ್ಪಿಸಿರಲಿಲ್ಲ. 200 ಡಿಗ್ರಿ, ನಾಲ್ಕು ಗಂಟೆ, ಎಲ್ಲ ಆಗಿತ್ತು. ಆದರೆ ಕರೆಂಟ್ ಉಳಿಸಲು ಓವನ್ನಿನ ಗಾಳಿಕಿಂಡಿ ಮುಚ್ಚಿದ್ದೆವು. ಗ್ಯಾಸ್ಕೆಟ್‌ಗಳನ್ನು ದೋಸೆ ಪೇರಿಸಿದ ಹಾಗೆ ಒಂದರ ಮೇಲೊಂದು ಇಟ್ಟಿದ್ದೆವು. ಆಮ್ಲ ಎಲ್ಲಿಗೆ ಹೋಗಬೇಕು?

ಈಗ ಜಾಲರಿ ತಟ್ಟೆಯಲ್ಲಿ ಒಂದೇ ಪದರ, ಒಂದಕ್ಕೊಂದು ತಾಗದ ಹಾಗೆ. ಫ್ಯಾನ್ ಓಡುತ್ತಿರಬೇಕು, ಕಿಂಡಿ ತೆರೆದಿರಬೇಕು, ಹೊಗೆ ಪೈಪಿನಲ್ಲಿ ಶೆಡ್ಡಿನ ಹೊರಗೆ ಹೋಗಬೇಕು. ಈ ಆವಿ ಓವನ್ನಿನಲ್ಲೇ ತುಂಬಿಕೊಂಡರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ. ದಪ್ಪ ಪೀಸುಗಳಿಗೆ ಬಿಸಿಯನ್ನು ಹಂತ ಹಂತವಾಗಿ ಏರಿಸುತ್ತೇನೆ. ಒಮ್ಮೆಲೇ 200ಕ್ಕೆ ಹಾಕಿದರೆ ಒಳಗೆ ಆವಿ ಉಬ್ಬಿ ಬ್ರೆಡ್ಡಿನ ಹಾಗೆ ತೂತು ಬೀಳುತ್ತದೆ.

ಪರೀಕ್ಷೆಯನ್ನೂ ಬದಲಾಯಿಸಿದೆ. 12.5 ಮಿ.ಮೀ. ದಪ್ಪದ ರಬ್ಬರ್ ಗುಂಡಿಯನ್ನು ಎರಡು ಉಕ್ಕಿನ ಪ್ಲೇಟ್ ನಡುವೆ 9.5ಕ್ಕೆ ಒತ್ತಿ, ಬೋಲ್ಟ್ ಬಿಗಿದು, 175 ಡಿಗ್ರಿಯಲ್ಲಿ 22 ಗಂಟೆ ಇಡುತ್ತೇನೆ. ಬಿಚ್ಚಿ ಅರ್ಧ ಗಂಟೆ ಆರಲು ಬಿಟ್ಟು, ಮೊದಲಿನ ದಪ್ಪಕ್ಕೆ ಎಷ್ಟು ವಾಪಸ್ ಬಂತು ಅಂತ ಅಳೆಯುತ್ತೇನೆ. ಕಿಂಡಿ ಮುಚ್ಚಿ ಕ್ಯೂರ್ ಮಾಡಿದ ಗುಂಡಿ 10.6ಕ್ಕೇ ನಿಂತುಬಿಟ್ಟಿತ್ತು. ಕಿಂಡಿ ತೆರೆದು ಮಾಡಿದ್ದು 11.9ಕ್ಕೆ ಎದ್ದು ಬಂತು.