ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್: ಕನ್ನಡದ 'ಆದ', 'ಆಗಿ' ಹಿಡಿದು ಗುರುತಿಸಿ

ಯಾವುದೇ ಇಂಗ್ಲಿಷ್ ವಾಕ್ಯ ಸಿಕ್ಕರೂ ಮೊದಲು ವರ್ಬ್ ಹುಡುಕಿ. ನಮ್ಮಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ, ಇಂಗ್ಲಿಷ್‌ನಲ್ಲಿ ಹೆಚ್ಚಾಗಿ ಕರ್ತೃವಿನ ಬೆನ್ನಿಗೇ ಬರುತ್ತದೆ. 'ಅವಳು ಡಾಕ್ಟರ್' ಅಂದರೆ ನಮಗೆ ವಾಕ್ಯ ಮುಗಿಯಿತು. ಇಂಗ್ಲಿಷ್‌ನಲ್ಲಿ 'ಶಿ ಈಸ್ ಎ ಡಾಕ್ಟರ್' ಅನ್ನಲೇಬೇಕು, ಆ 'ಈಸ್' ಕೂಡ ವರ್ಬೇ.

ಉಳಿದೆರಡಕ್ಕೆ ನಿಮ್ಮ ಕನ್ನಡವೇ ಸಾಕು. 'ನಿಧಾನವಾದ ಬಸ್ಸು' ಅಂದಾಗ ಬಸ್ಸು ಎಂಥದ್ದು ಅಂತ ಹೇಳುತ್ತೀರಿ, ಅದು ಅಡ್ಜೆಕ್ಟಿವ್: ಸ್ಲೋ. 'ಬಸ್ಸು ನಿಧಾನವಾಗಿ ಹೋಯಿತು' ಅಂದಾಗ ಹೇಗೆ ಹೋಯಿತು ಅಂತ ಹೇಳುತ್ತೀರಿ, ಅದು ಅಡ್ವರ್ಬ್: ಸ್ಲೋಲಿ. 'ಆದ' ಬಂದರೆ ಅಡ್ಜೆಕ್ಟಿವ್, 'ಆಗಿ' ಬಂದರೆ ಅಡ್ವರ್ಬ್. ವೆರಿ, ಆಲ್ವೇಸ್, ನೆವರ್ ಇವೂ ಅಡ್ವರ್ಬ್‌ಗಳೇ, ಇವುಗಳಿಗೆ ಎಷ್ಟು, ಯಾವಾಗ ಅಂತ ಕೇಳಿಕೊಂಡರೆ ಗೊತ್ತಾಗುತ್ತದೆ.

ಆದರೆ ಈ 'ಆಗಿ' ಒಂದು ಕಡೆ ಕೈಕೊಡುತ್ತದೆ, ನಮ್ಮವರು ಜಾಸ್ತಿ ಎಡವುವುದೂ ಅಲ್ಲೇ. 'ನೀನು ಸುಂದರವಾಗಿ ಕಾಣುತ್ತೀಯ' ಅಂತ ಮನಸ್ಸಿನಲ್ಲಿ ಅಂದುಕೊಂಡು 'ಯು ಲುಕ್ ಬ್ಯೂಟಿಫುಲಿ' ಅಂದುಬಿಡುತ್ತೇವೆ. ಸರಿಯಾದದ್ದು 'ಯು ಲುಕ್ ಬ್ಯೂಟಿಫುಲ್'. ಯಾಕೆ? ಇಲ್ಲಿ ಯಾವ ಕೆಲಸವೂ ನಡೆಯುತ್ತಿಲ್ಲ, ಆ ವ್ಯಕ್ತಿ ಹೇಗಿದ್ದಾಳೆ ಅಂತ ಹೇಳುತ್ತಿದ್ದೇವೆ ಅಷ್ಟೇ, ಹಾಗಾಗಿ ಅಡ್ಜೆಕ್ಟಿವೇ ಬೇಕು. ಲುಕ್, ಸ್ಮೆಲ್, ಟೇಸ್ಟ್, ಫೀಲ್, ಸೌಂಡ್ ಬಂದಾಗಲೆಲ್ಲ ಆ ಜಾಗದಲ್ಲಿ ಈಸ್ ಅಥವಾ ಆರ್ ಹಾಕಿ ನೋಡಿ. 'ದಿ ಮ್ಯಾಂಗೋ ಟೇಸ್ಟ್ಸ್ ಸ್ವೀಟ್' ಅನ್ನುವುದನ್ನು 'ದಿ ಮ್ಯಾಂಗೋ ಈಸ್ ಸ್ವೀಟ್' ಅಂದರೂ ಅರ್ಥ ಕೆಡುವುದಿಲ್ಲ ಅಲ್ವಾ? ಅಂದರೆ ಅಡ್ಜೆಕ್ಟಿವ್ ಸರಿ.

ಅದೇ ಲುಕ್ 'ಕಾಣು' ಬಿಟ್ಟು 'ನೋಡು' ಆದಾಗ ಲೆಕ್ಕ ಬದಲಾಗುತ್ತದೆ. 'ಶಿ ಲುಕ್ಡ್ ಆಂಗ್ರಿ' ಅಂದರೆ ಅವಳು ಸಿಟ್ಟಾದಂತೆ ಕಂಡಳು. 'ಶಿ ಲುಕ್ಡ್ ಆಂಗ್ರಿಲಿ ಅಟ್ ಹಿಮ್' ಅಂದರೆ ಅವನನ್ನು ಸಿಟ್ಟಿನಿಂದ ನೋಡಿದಳು. ನೋಡುವುದು ಒಂದು ಕೆಲಸ, ಅದಕ್ಕೇ ಅಡ್ವರ್ಬ್. ಈ ಎರಡು ವಾಕ್ಯಗಳನ್ನು ದಯವಿಟ್ಟು ಬಾಯಿಪಾಠ ಮಾಡಿಕೊಳ್ಳಿ, ಎಷ್ಟೋ ಗೊಂದಲ ಇಲ್ಲೇ ಕರಗುತ್ತದೆ.

ಕೊನೆಗೆ 'ಲಿ' ಇದ್ದರೆ ಅಡ್ವರ್ಬ್ ಅಂತ ಸುಮ್ನೆ ನಂಬಬೇಡಿ. ಫ್ರೆಂಡ್ಲಿ, ಲವ್ಲಿ ಅಡ್ಜೆಕ್ಟಿವ್‌ಗಳು. ಫಾಸ್ಟ್ ಎರಡೂ ಕಡೆ ಹಾಗೇ ಇರುತ್ತದೆ, ಫಾಸ್ಟ್ಲಿ ಅನ್ನಬೇಡಿ. ಗುಡ್‌ಗೆ ಅಡ್ವರ್ಬ್ ವೆಲ್: 'ಶಿ ಸಿಂಗ್ಸ್ ವೆಲ್'. ಇಂಟರ್‌ವ್ಯೂಗೆ ಹೋಗುವವರು ಹಾರ್ಡ್ ಬಗ್ಗೆ ವಿಶೇಷ ಗಮನ ಕೊಡಿ. 'ಐ ವರ್ಕ್ ಹಾರ್ಡ್' ಅಂದರೆ ಕಷ್ಟಪಟ್ಟು ಕೆಲಸ ಮಾಡುತ್ತೇನೆ. 'ಐ ಹಾರ್ಡ್ಲಿ ವರ್ಕ್' ಅಂದರೆ ನಾನು ಕೆಲಸ ಮಾಡುವುದೇ ಅಪರೂಪ!