ಬಾನೆಟ್‌ಗೆ ಕಲ್ಲು ಸಿಡಿದು ಪೇಂಟ್ ಎದ್ದಿದೆಯಾ? ಮನೆಯಲ್ಲೇ ಮುಚ್ಚಿ

ಶಿರಾಡಿ ಘಾಟಿಯಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಹಿಂದೆ ಹತ್ತು ನಿಮಿಷ ಹೋದರೆ ಸಾಕು, ಬಾನೆಟ್ ಮೇಲೆ ಸಾಸಿವೆ ಕಾಳಿನಷ್ಟು ಪೇಂಟ್ ಹಾರಿರುತ್ತದೆ. ಇಷ್ಟೇ ತಾನೇ ಅಂತ ಬಿಡಬೇಡಿ. ಒಳಗಿನ ತಗಡು ಕಂಡಿದ್ದರೆ ಒಂದು ಮಳೆಗಾಲ ಸಾಕು. ತುಕ್ಕು ಆ ಚುಕ್ಕೆಯಲ್ಲೇ ನಿಲ್ಲುವುದಿಲ್ಲ, ಪಕ್ಕದ ಪೇಂಟಿನ ಅಡಿಗೆ ನುಗ್ಗಿ ಗುಳ್ಳೆ ಎಬ್ಬಿಸುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಬಂಪರ್ ಪ್ಲಾಸ್ಟಿಕ್, ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಅದನ್ನು ಆಮೇಲೆ ನೋಡಿಕೊಳ್ಳಬಹುದು.

ಮೊದಲು ಬಣ್ಣದ ಕೋಡ್ ಹುಡುಕಿ. ಕೆಲವು ಕಾರುಗಳಲ್ಲಿ ಡ್ರೈವರ್ ಬಾಗಿಲ ಪಕ್ಕದ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ, ಕೆಲವುದರಲ್ಲಿ ಬಾನೆಟ್ ಒಳಗೆ ಪ್ಲೇಟ್. ಮಾರುತಿಯ ಸಿಲ್ಕಿ ಸಿಲ್ವರ್ ಆದರೆ ಝಡ್2ಎಸ್, ಹೀಗೆ. 'ಬಿಳಿ ಕೊಡಿ' ಅಂತ ಸುಮ್ನೆ ಕೇಳಿ ತರಬೇಡಿ, ಒಂದೇ ಕಂಪನಿಯಲ್ಲೇ ಎರಡು ಮೂರು ಬಿಳಿ ಇರುತ್ತವೆ. ಕೋಡ್ ಹೇಳಿದರೆ ಕಾರ್ ಪೇಂಟ್ ಮಿಕ್ಸ್ ಮಾಡುವ ಅಂಗಡಿಯಲ್ಲಿ ಸ್ವಲ್ಪವೇ ಕಲಸಿಕೊಡುತ್ತಾರೆ. ಜೊತೆಗೆ ಪ್ರೈಮರ್ (ಬಣ್ಣದ ಅಡಿಗೆ ಹಚ್ಚುವುದು), ಕ್ಲಿಯರ್ ಕೋಟ್ (ಬಣ್ಣದ ಮೇಲೆ ಹಚ್ಚುವ ಪಾರದರ್ಶಕ ಪದರ), 1000 ಮತ್ತು 2000 ನಂಬರಿನ ವಾಟರ್ ಪೇಪರ್ (ನುಣುಪಾದ ಉಜ್ಜುಕಾಗದ), ಹೊಳಪು ತರುವ ರಬ್ಬಿಂಗ್ ಕಾಂಪೌಂಡ್ ತನ್ನಿ. ಬ್ರಷ್‌ಗಿಂತ ಟೂತ್‌ಪಿಕ್ ಒಳ್ಳೆಯದು.

ನೆರಳಲ್ಲಿ, ಮಳೆ ಇಲ್ಲದ ದಿನ ಶುರು ಮಾಡಿ. ಬಾನೆಟ್ ತಣ್ಣಗಿರಬೇಕು. ಚೆನ್ನಾಗಿ ತೊಳೆದು, ಒರೆಸಿ, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಆ ಜಾಗ ಒರೆಸಿ. ಹಳೆಯ ಪಾಲಿಶ್‌ನ ಜಿಡ್ಡು ಉಳಿದರೆ ಪೇಂಟ್ ಹಿಡಿಯುವುದಿಲ್ಲ.

ತುಕ್ಕು ಕಂಡರೆ ಇಲ್ಲಿ ಆತುರ ಬೇಡ. 1000 ನಂಬರಿನ ಪೇಪರ್ ಚೂರನ್ನು ಪೆನ್ಸಿಲ್ ತುದಿಗೆ ಅಂಟಿಸಿಕೊಂಡು, ಆ ಗುಳಿಯೊಳಗೆ ಮಾತ್ರ, ತಗಡು ಹೊಳೆಯುವವರೆಗೆ ಮೆಲ್ಲಗೆ ತಿರುಗಿಸಿ. ಕೆಂಪು ಉಳಿದಿರುವಾಗಲೇ ಮೇಲೆ ಬಣ್ಣ ಹಚ್ಚಿದರೆ ತುಕ್ಕು ಒಳಗೇ ಬೆಳೆಯುತ್ತದೆ. ಪ್ರೈಮರ್ ಬೇಕಾಗುವುದು ತಗಡು ಕಂಡಿರುವಲ್ಲಿ ಮಾತ್ರ. ಒಂದೇ ಹನಿ ಸಾಕು.

ಬಣ್ಣದ ಬಾಟಲಿ ಎರಡು ನಿಮಿಷ ಕುಲುಕಿ. ಮೆಟಾಲಿಕ್ ಆದರೆ ಪುಡಿ ತಳದಲ್ಲಿ ಕೂತಿರುತ್ತದೆ, ಕುಲುಕದಿದ್ದರೆ ಬಣ್ಣವೇ ಬೇರೆ ಬರುತ್ತದೆ. ಟೂತ್‌ಪಿಕ್ ತುದಿಯಲ್ಲಿ ಹನಿ ತೆಗೆದು ಗುಳಿಯ ನಡುವೆ ಮುಟ್ಟಿಸಿ, ಅದೇ ಹರಡಿಕೊಳ್ಳುತ್ತದೆ. ನಾನು ಮೊದಲ ಸಲ ಒಂದೇ ಏಟಿಗೆ ದಪ್ಪಗೆ ಹಚ್ಚಿದ್ದೆ, ಮೇಲೆ ಮಾತ್ರ ಒಣಗಿ ಒಳಗೆ ಹಸಿಯಾಗೇ ಇದ್ದು ಕೊನೆಗೆ ಸುಕ್ಕು ಬಿತ್ತು. ಥಿನ್ನರ್‌ನಲ್ಲಿ ಒರೆಸಿ ಮತ್ತೆ ಮೊದಲಿಂದ ಮಾಡಬೇಕಾಯಿತು. ಹಾಗಾಗಿ ತೆಳುವಾಗಿ ಮೂರು ನಾಲ್ಕು ಸಲ, ನಡುವೆ ಅರ್ಧ ಗಂಟೆ ಬಿಟ್ಟು ಹಚ್ಚಿ. ಒಣಗಿದಾಗ ಬಣ್ಣ ಕುಗ್ಗುತ್ತದೆ, ಅದಕ್ಕೇ ಇಷ್ಟು ಸಲ. ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗಿದ್ದಾಗ ನಿಲ್ಲಿಸಿ, ಮೇಲೆ ಕ್ಲಿಯರ್ ಕೋಟ್ ಹನಿಸಿ.

ಆಮೇಲೆ ಒಂದು ವಾರ ಮುಟ್ಟಬೇಡಿ.

ಉಬ್ಬು ಉಳಿದಿದ್ದರೆ 2000 ನಂಬರಿನ ಪೇಪರನ್ನು ರಬ್ಬರ್ ಚೂರಿಗೆ ಸುತ್ತಿ, ಸೋಪು ನೀರು ಹಾಕುತ್ತಾ ಉಬ್ಬಿನ ಮೇಲೆ ಮಾತ್ರ ಉಜ್ಜಿ, ನಂತರ ಕಾಂಪೌಂಡ್ ಹಾಕಿ ಹೊಳಪು ತನ್ನಿ. ಇಲ್ಲಿ ಕೈ ಹಗುರ ಇರಲಿ. ಕಂಪನಿ ಪೇಂಟ್ ಎಲ್ಲ ಪದರ ಸೇರಿಸಿದರೂ ಹೆಚ್ಚುಕಡಿಮೆ ಒಂದು ಎ4 ಹಾಳೆಯಷ್ಟೇ ದಪ್ಪ, ಜಾಸ್ತಿ ಉಜ್ಜಿದರೆ ಸುತ್ತಲಿನ ಒಳ್ಳೆಯ ಕ್ಲಿಯರ್ ಕೋಟೂ ಹೋಗುತ್ತದೆ. ನಿಜ ಹೇಳಬೇಕೆಂದರೆ ಹತ್ತಿರ ಬಗ್ಗಿ ನೋಡಿದರೆ ಚುಕ್ಕೆ ಕಾಣುತ್ತದೆ. ನಾಲ್ಕು ಅಡಿ ದೂರದಿಂದ ಕಾಣದಿದ್ದರೆ, ನೀರು ಒಳಗೆ ಹೋಗದಿದ್ದರೆ, ಕೆಲಸ ಚೆನ್ನಾಗಿ ಆಗಿದೆ ಅಂತಲೇ ಅರ್ಥ.

ಪೇಂಟ್ ಉಬ್ಬಿ ಗುಳ್ಳೆ ಬಂದಿದ್ದರೆ, ಅಥವಾ ಎದ್ದ ಜಾಗ ಕಡಲೆಕಾಳಿಗಿಂತ ದೊಡ್ಡದಿದ್ದರೆ ಟಿಂಕರಿಂಗ್ ಅಂಗಡಿಗೆ ಒಯ್ಯಿರಿ. ವ್ಯಾಕ್ಸ್ ಹಾಕಲು ಒಂದು ತಿಂಗಳು ಕಾಯಿರಿ. ಉಳಿದ ಬಣ್ಣದ ಬಾಟಲಿಯ ಬಾಯಿ ಒರೆಸಿ, ಬಿಗಿಯಾಗಿ ಮುಚ್ಚಿ, ಮೇಲೆ ಕೋಡ್ ಬರೆದು ತಂಪಾದ ಜಾಗದಲ್ಲಿಡಿ. ಬಿಸಿಲಲ್ಲಿ ನಿಲ್ಲುವ ಕಾರಿನೊಳಗೆ ಮಾತ್ರ ಇಡಬೇಡಿ.