ಸುಟ್ಟ ಮನೆ ಕೊಳ್ತೀರಾ? ಸುಣ್ಣಕ್ಕೆ ಮೊದಲು ಸುತ್ತಿಗೆ

ಬೆಂಕಿ ಬಿದ್ದ ಮನೆ ಕಡಿಮೆಗೆ ಸಿಗುತ್ತದೆ, ಬಣ್ಣ ಹೊಡೆಸಿ ಬಾಡಿಗೆಗೆ ಬಿಟ್ಟರೆ ಆಯ್ತಲ್ವಾ? ಹೀಗೆ ಲೆಕ್ಕ ಹಾಕಿ ಕೈ ಸುಟ್ಟುಕೊಂಡವರು ಮೈಸೂರಿನಲ್ಲಿ ನನಗೇ ಮೂರು ಜನ ಗೊತ್ತು. ಮೂವರೂ ಗೋಡೆಯ ಮಸಿ ತೋರಿಸಿ ಚೌಕಾಸಿ ಮಾಡಿದರು. ತಲೆ ಎತ್ತಿ ತಾರಸಿ ನೋಡಲಿಲ್ಲ.

1. ಕಾಗದಪತ್ರ

ಇಸಿ (ಋಣಭಾರ ಪತ್ರ), ಇ-ಖಾತಾ, ಮೂಲಪತ್ರ ವಕೀಲರಿಗೆ ತೋರಿಸಿ. ಅಗ್ನಿಶಾಮಕ ದಳದ ವರದಿಯನ್ನೂ ಮಾಲೀಕರಿಂದ ಕೇಳಿ. ಮನೆ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಮುದ್ರಾಂಕ ಶುಲ್ಕ ಕಟ್ಟುವಾಗ ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಕೆಳಗೆ ಇಳಿಯುವುದಿಲ್ಲ. ನೀವು ಕೊಟ್ಟ ಬೆಲೆಗೂ ಅದಕ್ಕೂ ವ್ಯತ್ಯಾಸ ಶೇ 10 ದಾಟಿದರೆ ಆದಾಯ ತೆರಿಗೆಯವರು ಅದನ್ನು ನಿಮ್ಮ ಆದಾಯ ಎಂದೇ ಎಣಿಸಬಹುದು. ಆಡಿಟರ್‌ನ ಕೇಳದೆ ಮುಂಗಡ ಕೊಡಬೇಡಿ.

2. ತಾರಸಿ

ಇಲ್ಲಿ ಅವಸರ ಬೇಡ. ಟಾರ್ಚು, ಸುತ್ತಿಗೆ, ಏಣಿ ತಗೊಂಡು ಹಗಲಲ್ಲೇ ಹೋಗಿ. ಮೋಲ್ಡ್, ಅಂದರೆ ಕಾಂಕ್ರೀಟ್ ತಾರಸಿ, ಜೋತು ಬಿದ್ದಿದ್ದರೆ ಆ ಕೋಣೆಗೆ ಕಾಲಿಡಬೇಡಿ.

ಮೊದಲು ಸುಮ್ನೆ ಸುತ್ತ ನೋಡಿ. ಪಿವಿಸಿ ಪೈಪು ಬಾಗಿದ್ದರೆ ಹೆದರಬೇಕಿಲ್ಲ, ಅದು ಸ್ವಲ್ಪ ಕಾವಿಗೇ ಮೆತ್ತಗಾಗುತ್ತದೆ. ಅಲ್ಯೂಮಿನಿಯಂ ಕಿಟಕಿ ಕರಗಿ ನೆಲದ ಮೇಲೆ ಗಟ್ಟಿಯಾಗಿ ಕೂತಿದೆಯಾ? ಅದು ಕರಗುವುದು 660 ಡಿಗ್ರಿ ಆಸುಪಾಸಿನಲ್ಲಿ. ಅಷ್ಟು ಕಾವು ಕಾಂಕ್ರೀಟಿನ ಒಳಗಿನ ಉಕ್ಕಿನ ಕಂಬಿಗೂ ತಟ್ಟಿದ್ದರೆ, ತಣ್ಣಗಾದ ಮೇಲೂ ಆ ಟಿಎಂಟಿ ಕಂಬಿಗೆ ಹಳೇ ಬಲ ಪೂರ್ತಿ ಬರುವುದಿಲ್ಲ.

ಆಮೇಲೆ ಬೆಂಕಿ ಜಾಸ್ತಿ ಉರಿದ ಕಡೆ ಅಂಗೈಯಗಲ ಗಾರೆ ಕೆತ್ತಿ. ಕಾಂಕ್ರೀಟು ನಸುಗೆಂಪಾಗಿದ್ದರೆ ಕಾವು 300 ಡಿಗ್ರಿ ದಾಟಿದೆ. ಎಲ್ಲ ಜಲ್ಲಿಯಲ್ಲೂ ಈ ಕೆಂಪು ಕಾಣುವುದಿಲ್ಲ, ಹಾಗಾಗಿ ಕಿವಿಯನ್ನೂ ಬಳಸಿ. ಗೇಣಿಗೊಂದು ಏಟಿನಂತೆ ತಟ್ಟುತ್ತಾ ಹೋಗಿ. ಠಣ್ ಎಂದರೆ ಗಟ್ಟಿ. ಡಬ್ ಡಬ್ ಎಂದು ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಅಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಗುರುತು ಕೋಣೆಯ ಕಾಲು ಭಾಗ ದಾಟಿದರೆ, ಮೋಲ್ಡ್ ಒಡೆದು ಹೊಸದು ಹಾಕುವ ಖರ್ಚನ್ನೇ ನಾನು ಬೆಲೆಯಲ್ಲಿ ಕಳೆಯುತ್ತೇನೆ. ಕೊನೇ ಮಾತು ಸ್ಟ್ರಕ್ಚರಲ್ ಎಂಜಿನಿಯರ್‌ದು, ಕೋರ್ (ಕಾಂಕ್ರೀಟು ಕೊರೆದು ತೆಗೆದ ತುಂಡು) ತೆಗೆಸಿ ಪರೀಕ್ಷೆ ಮಾಡಿಸಿದ ಮೇಲೆ. ಮೇಸ್ತ್ರಿಯ ‘ಏನೂ ಆಗಲ್ಲ ಬಿಡಿ ಸಾರ್’ ಸಾಲದು.

ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆಯ ಹಳೇ ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿದ್ದು) ಮನೆಯಾದರೆ ನನಗೆ ಧೈರ್ಯ ಜಾಸ್ತಿ. ತೇಗದ ತೊಲೆ ಮೇಲೆ ಇದ್ದಿಲಾದರೂ ಒಳಗೆ ಗಟ್ಟಿ ಇರುತ್ತದೆ. ಬಾಚಿಯಲ್ಲಿ ಕರಿ ಕೆತ್ತಿಸಿ, ಉಳಿದ ದಪ್ಪ ಅಳೆಸಿ. ಗೋಡೆಯೊಳಗೆ ಸೇರಿದ ತುದಿಯನ್ನು ಮರೆಯಬೇಡಿ.

3. ಮಸಿ

ಮೊದಲೇ ಒದ್ದೆ ಬಟ್ಟೆ ಹಾಕಿ ಉಜ್ಜಿದರೆ ಮಸಿ ಗಾರೆಯೊಳಕ್ಕೆ ಇಳಿಯುತ್ತದೆ. ಮಾಸ್ಕ್ ಹಾಕಿಕೊಂಡು ಒಣ ಬ್ರಷ್, ವ್ಯಾಕ್ಯೂಮ್ ಮುಗಿಸಿ. ಸೋಪಿನ ನೀರು ಆಮೇಲೆ. ‘ಎರಡು ಕೋಟ್ ಎಮಲ್ಷನ್ ಹೊಡೆದರೆ ಮುಗೀತು’ ಎನ್ನುವ ಪೇಂಟರ್‌ನ ವಾಪಸ್ ಕಳಿಸಿ. ನನ್ನ ತಮ್ಮ ಅದನ್ನೇ ನಂಬಿದ. ಮೊದಲ ಮಳೆಗೇ ಗೋಡೆ ಮೇಲೆ ಕಾಫಿ ಚೆಲ್ಲಿದಂಥ ಕಲೆ ಎದ್ದಿತು. ಕಮಟು ವಾಸನೆ ಅಂತ ಬಾಡಿಗೆಯವರು ಮನೆ ಖಾಲಿ ಮಾಡಿದರು. ಎಮಲ್ಷನ್‌ಗೆ ಮೊದಲು ಆಯಿಲ್ ಪ್ರೈಮರ್ ಅಥವಾ ಅರಗಿನ ಶೆಲ್ಲಾಕ್ ಪ್ರೈಮರ್ ಬೇಕೇ ಬೇಕು. ವಾಸನೆ ತೆಗೆಯುವ ಸ್ಪ್ರೇಗಳೆಲ್ಲ ದಂಡ.

4. ಉಳಿದದ್ದು

ವೈರಿಂಗ್ ಪೂರ್ತಿ ಹೊಸದು. ಹಳೇ ಪೈಪಿನೊಳಗೆ ಹೊಸ ವೈರು ಎಳೆಯುವ ಮಾತೇ ಬೇಡ. ಬಾಗಿಲು, ನಲ್ಲಿ, ಟೈಲ್ಸು ನಿಮ್ಮಿಷ್ಟ.